ಖೈರುನಬಿ ಆಯಿಯ ಕೌದಿಯನ್ನು ಮರಳಿ ಕೊಡಿ

ಗ್ರಾಮೋದ್ಯೋಗ ಶಿಕ್ಷಣ ಖಾತೆಯ ಮುಖ್ಯಾಧಿಕಾರಿಗಳೇ, ನನ್ನನ್ನು ಪ್ರಾಮಾಣಿಕಳೆಂದು ಬರೆದು ಗೌರವಿಸಿದ ಮಾನ್ಯರೇ,

ತಮ್ಮ ಕಾಗದ ತಲುಪಿತು. ನಮ್ಮೂರು ದಡ್ಡಿಯಲ್ಲಿ ನಿಂತುಹೋದ ಹೆಂಗಸರ ಹೊಲಿಗೆಯ ವರ್ಗವನ್ನು ಮತ್ತೆ ತೆರೆಯುವುದಾಗಿಯೂ, "ಹಿಂದಿನ ಶಿಕ್ಷಕಿಯು ಸರಕಾರಿ ಬಟ್ಟೆಯನ್ನು ಅಪಹರಿಸಿದ ಪ್ರಕರಣದಲ್ಲಿ ನೀವು ತೋರಿದ ಪ್ರಾಮಾಣಿಕತೆಯನ್ನು ಲಕ್ಷ್ಯದಲ್ಲಿಟ್ಟು" ಆ ಜಾಗಕ್ಕೆ ನನ್ನನ್ನೇ ನೇಮಿಸುವುದಾಗಿಯೂ ತಾವು ಬರೆದಿದ್ದೀರಿ. ಹದಿನೈದು ದಿನದೊಳಗೆ ನಾನು ಒಪ್ಪಿಗೆ ತಿಳಿಸಬೇಕಂತೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಶಿಕ್ಷಕಿ ಖೈರುನಬಿ ಕಳವು ಮಾಡಿದವಳಲ್ಲ. ಒಂದು ಗೇಣು ಸರಕಾರಿ ಬಟ್ಟೆಯನ್ನೂ ಆಕೆ ತನ್ನ ಮನೆಗೆ ಒಯ್ಯಲಿಲ್ಲ. ಈ ಮಾತನ್ನು ನಾಲ್ಕು ಅರ್ಜಿಗಳಲ್ಲಿ ತಮಗೆ ಬರೆದೆ, ನಾಲ್ಕಕ್ಕೂ ಉತ್ತರ ಬರಲಿಲ್ಲ. ಆಕೆ ಸತ್ತ ಮೇಲೆ ನನ್ನ ನೇಮಕದ ಕಾಗದ ಬಂತು. ಅದಕ್ಕೇ ಈ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಾಲ್ಕೂರಿನವರು ಓದಿದ ಮೇಲಾದರೂ ಯಾರಾದರೂ ಇದನ್ನು ಒಯ್ದು ತಮ್ಮ ಮೇಜಿನ ಮೇಲೆ ಇಟ್ಟಾರು ಎಂಬ ಆಸೆ.

ನಾನು ಯಾರೆಂದು ಓದುಗರಿಗೆ ತಿಳಿಯಬೇಕಲ್ಲ. ನಾನು ದಡ್ಡಿಯ ಒಬ್ಬ ಜೈನ ಒಕ್ಕಲಿನ ಮನೆಯ ಸೊಸೆ. ತವರಿನಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದ್ದೇನೆ, ಮರಾಠಿ ಮಾತಾಡಲೂ ಓದಲೂ ಬರುತ್ತದೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅತ್ತೆ ಜಿನ್ನವ್ವನವರೂ ನಾನೂ ಇಬ್ಬರೇ ಮನೆಯಲ್ಲಿದ್ದೇವೆ. ಹಳ್ಳಿಯ ಹೆಂಗಸರನ್ನು ಆರು ತಿಂಗಳಲ್ಲಿ ಅಕ್ಷರಸ್ಥರನ್ನಾಗಿಯೂ ಸ್ವಾವಲಂಬಿಗಳನ್ನಾಗಿಯೂ ಮಾಡುವ ತಮ್ಮ ಖಾತೆಯ ಯೋಜನೆ ಹುಕ್ಕೇರಿ ತಾಲೂಕಿಗೆ ಬಂದಾಗ, ನಮ್ಮ ಊರಿನಲ್ಲಿ ಓದುಬರಹ ಬಲ್ಲ ಹೆಂಗಸು ನಾನೊಬ್ಬಳೇ ಆಗಿದ್ದೆ. ಕೈಕಸಬು ಕಲಿಸುವವರು ಯಾರೆಂದು ಹುಡುಕಿದರೆ ಕೌದಿ ಹೊಲಿಯುವ ಖೈರುನಬಿ ಆಯಿ ಸಿಕ್ಕಳು. ಆಕೆಯ ತವರು ಮೂಡಲಗಿ. ಗಂಡ ಬಂದೇನವಾಜ ಮನೆಮನೆಗೆ ಹೋಗಿ ಬಿಲ್ಲಿನಿಂದ ಅರಳೆ ಹಿಂಜಿ ಕೊಡುವವನು. ನಮ್ಮ ಊರಿನಲ್ಲಿ ಹುಟ್ಟಿದ ಯಾವ ಕೂಸೂ ಆಕೆಯ ಕೈಯ ಕೌದಿಯಲ್ಲಿ ಮಲಗದೆ ಬೆಳೆದಿಲ್ಲ. ಆಕೆ ಕಸಬಿನ ಶಿಕ್ಷಕಿ, ನಾನು ಅಕ್ಷರ ಹೇಳಿಕೊಡುವವಳು ಎಂದು ಗೊತ್ತಾಯಿತು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲೇ ವರ್ಗ ಶುರುವಾಯಿತು. ಮಧ್ಯಾಹ್ನದ ರೊಟ್ಟಿ ಮುಗಿಸಿ ಬಂದರೆ, ಹೊತ್ತು ಮುಳುಗುವುದರೊಳಗೆ ನಮ್ಮ ಮನೆಯಲ್ಲಿ ಊಟವಾಗಬೇಕಾದ್ದರಿಂದ, ಹೊತ್ತು ಇಳಿಯುವ ಮುಂಚೆ ಎಲ್ಲರೂ ಏಳುತ್ತಿದ್ದರು. ಮೊದಲ ವಾರ ನನ್ನ ಅತ್ತೆ ಮುಖ ತಿರುಗಿಸಿಕೊಂಡು ಒಳಗೇ ಕೂತರು. ಎರಡನೆಯ ವಾರ ಬಾಗಿಲಿಗೆ ಬಂದರು. ಮೂರನೆಯ ವಾರ ತಮ್ಮ ಹಳೆಯ ಸೀರೆಯೊಂದನ್ನು ತಂದು ಆಯಿಯ ಮುಂದೆ ಚೆಲ್ಲಿ, "ನನಗೂ ಒಂದ ಹಾಕಿಕೊಡವಾ, ಕಣ್ಣ ಕಾಣೂದಿಲ್ಲ, ದಾರ ನೀನ ಪೋಣಿಸಬೇಕ ನೋಡ" ಎಂದರು. ನನ್ನನ್ನು ಸೇರಿಸಿ ಆಗ ನಾವು ಹದಿನಾಲ್ಕು ಜನ ಕಲಿಯುವವರಾದೆವು.

ತಮ್ಮ ಖಾತೆಯವರು ಹದಿನಾಲ್ಕು ಪಾಟಿ, ಹದಿನಾಲ್ಕು ಬಳಪ ಕೊಟ್ಟಿದ್ದರು. ಅವನ್ನು ಒಬ್ಬರೂ ಮುಟ್ಟಲಿಲ್ಲ. ಕೈಯಲ್ಲಿ ಸೂಜಿ ಇದ್ದವಳು ಬಳಪ ಯಾವಾಗ ಹಿಡಿಯಬೇಕು? ಅಕ್ಷರದ ದಾರಿ ಬೇರೊಂದು ಜಗಳದಿಂದ ಸಿಕ್ಕಿತು. ಹೊಲಿಯುತ್ತಿದ್ದ ಕೌದಿಗಳನ್ನು ಮೂಲೆಯಲ್ಲಿ ಒಟ್ಟಿ ಹೋಗುತ್ತಿದ್ದರು. ಮಾರನೆಯ ದಿನ ಇದು ನನ್ನದು, ಅದು ನಿನ್ನದು ಎಂದು ಎಳೆದಾಟ. ಆಗ ಆಯಿ, "ಅಕ್ಕಾರ, ನೀವು ಕೌದಿ ಮೂಲ್ಯಾಗ ಒಬ್ಬೊಬ್ಬರದು ಹೆಸರ ಬರದ ಬಿಡ್ರಿ, ನಾವು ಅದರ ಮ್ಯಾಲ ಹೊಲಿಗಿ ಹಾಕತೇವಿ, ಜಗಳಾನ ಹರೀತೈತಿ" ಎಂದಳು. ನಾನು ಸೀಮೆಸುಣ್ಣದ ಖಡುವಿನಿಂದ ಹೆಸರು ಬರೆದೆ. ಅವರು ಅದರ ಮೇಲೆ ದಾರ ಎಳೆದರು. ಒಂದೊಂದು ಅಕ್ಷರವನ್ನು ಇಪ್ಪತ್ತು ಸಲ ಚುಚ್ಚಿ ತೆಗೆದರೆ ಅದು ಮರೆಯುವುದು ಹೇಗೆ? ಎರಡು ತಿಂಗಳಾಗುವುದರೊಳಗೆ ನಾನು ಬರೆಯದೆಯೇ ತಮ್ಮ ಹೆಸರು ತಾವೇ ಹೊಲಿಯತೊಡಗಿದರು. ಸಾವಿತ್ರವ್ವ ಎಂಬಾಕೆ ಗೋಕಾಕದ ಸಂತೆಗೆ ಹೋದವಳು ಒಂದು ಅಂಗಡಿಯ ಹಲಗೆಯ ಕೆಳಗೆ ನಿಂತು, "ನನ್ನ ಹೆಸರಿನ ಸಾ ಇಲ್ಲೈತಿ ನೋಡ್ರೀ!" ಎಂದು ಕೂಗಿದಳಂತೆ. ಅಂಗಡಿಯವನು ಹೆದರಿ ಹೊರಗೆ ಬಂದನಂತೆ. ಅದನ್ನು ಹೇಳಿ ಹೇಳಿ ನಾವು ಎಷ್ಟು ದಿನ ನಕ್ಕೆವೋ! ಎಲ್ಲರಿಗಿಂತ ಕಷ್ಟವಾದದ್ದು ಆಯಿಗೇ. ಅರವತ್ತರ ಹತ್ತಿರದ ವಯಸ್ಸು, ಹೆಸರಿನ ಮೊದಲ ಅಕ್ಷರವೇ 'ಖೈ'. ಅದನ್ನು ಆಕೆ ಆರು ಸಲ ಬಿಚ್ಚಿ ಹೊಲಿದಳು. ಏಳನೆಯ ಸಲ ಸರಿಯಾದಾಗ ಕೌದಿಯ ಮೂಲೆಯನ್ನು ಎದೆಗೆ ಒತ್ತಿಕೊಂಡಳು. ಆ ಮುಖ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಈಗ ತಮ್ಮ ಬಟ್ಟೆಯ ಸಂಗತಿ. ಯುಗಾದಿಯ ಹೊತ್ತಿಗೆ ಖಾತೆಯಿಂದ ಎರಡು ಗಂಟು ಹೊಸ ಗಿರಣಿ ಬಟ್ಟೆ ಬಂತು, ಕೆಂಪು ಒಂದು, ನೀಲಿ ಒಂದು. ಅದರಲ್ಲಿ ಒಬ್ಬೊಬ್ಬಳು ಒಂದೊಂದು ಕೌದಿ ಹೊಲಿದು ಪರೀಕ್ಷೆಗೆ ಇಡಬೇಕೆಂದು ಅಪ್ಪಣೆ. ಮಾನ್ಯರೇ, ತಾವು ಎಂದಾದರೂ ಕೌದಿ ಹೊದ್ದು ಮಲಗಿದ್ದೀರಾ? ಹೊದ್ದಿದ್ದರೆ ಅದರಲ್ಲಿ ಯಾರ ಯಾರ ಸೀರೆ, ಯಾರ ಅಂಗಿ, ಯಾರ ರುಮಾಲು ಇತ್ತೆಂದು ತಮ್ಮ ತಾಯಿಯವರು ಹೇಳಿರಬೇಕು. ಹೊಸ ಬಟ್ಟೆಯಲ್ಲಿ ನಮ್ಮ ಕಡೆ ಕೌದಿ ಹೊಲಿಯುವುದಿಲ್ಲ. ಅದರ ಗಂಜಿ ಹೋಗಿರುವುದಿಲ್ಲ. ನಾಲ್ಕು ಪದರ ಇಟ್ಟರೆ ಸೂಜಿ ಮುರಿಯುತ್ತದೆ. ಮೊದಲ ಒಗೆತಕ್ಕೇ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಉಬ್ಬಿ ಕೂಡುತ್ತದೆ. ಅದರ ಮೇಲೆ ನಂಬಿಕೆ ಒಂದಿದೆ, ಯಾರ ಮೈಗೂ ತಾಗದ ಬಟ್ಟೆಯನ್ನು ಕೌದಿಗೆ ಹಾಕಬಾರದೆಂದು. ಆಯಿ ತಮ್ಮ ಗಂಟನ್ನು ಬಿಚ್ಚಿ, ಬೆರಳಿನಲ್ಲಿ ತಿಕ್ಕಿ ನೋಡಿ, "ಅರಿವಿ ಚಲೋ ಐತ್ರಿ ಅಕ್ಕಾರ, ಆದರ ಇದು ಇನ್ನಾ ಎಳೀದು. ಎರಡ ಮೂರ ತಿಂಗಳ ಉಟ್ಟ, ಒಗದ, ಬಿಸಲಿಗೆ ಹಾಕಬೇಕು. ಆಮ್ಯಾಲ ಹೊಲದರ ಸರಕಾರದ ಹೆಸರ ಉಳೀತೈತಿ" ಎಂದಳು. ಸರಕಾರದ ಹೆಸರು ಉಳಿಯಲಿ ಎಂದವಳು ಅವಳು. ಆ ಮಾತನ್ನು ನನ್ನ ಕಿವಿಯಿಂದ ಕೇಳಿದ್ದೇನೆ.

ಹಾಗೆಂದು ಆಕೆ ಬಟ್ಟೆಯನ್ನು ಹದಿನಾಲ್ಕು ಪಾಲು ಮಾಡಿ, ಉಡಲು ಬರುವಂತೆ ಹರಿದು ಒಬ್ಬೊಬ್ಬಳಿಗೆ ಕೊಟ್ಟಳು. ತಾನು ಒಂದನ್ನೂ ತೆಗೆದುಕೊಳ್ಳಲಿಲ್ಲ. "ನಾ ಕಲಿಸಾಕಿ, ಕಲಿಯಾಕಿ ಅಲ್ಲ, ನನಗ್ಯಾಕ?" ಎಂದಳು. ಯುಗಾದಿಯ ದಿನ ಹದಿಮೂರು ಹೆಂಗಸರು ಸರಕಾರದ ಬಟ್ಟೆ ಉಟ್ಟರು. ಅವರಲ್ಲಿ ಉದ್ದವ್ವ ಎಂಬವಳೊಬ್ಬಳಿದ್ದಳು, ಕೂಲಿ ಮಾಡುವವಳು. ಆಕೆಗೆ ಇದ್ದದ್ದು ಒಂದೇ ಸೀರೆ. ಹಳ್ಳಕ್ಕೆ ಹೋಗಿ ಅರ್ಧ ಉಟ್ಟುಕೊಂಡು ಅರ್ಧ ಒಗೆದು, ಅದು ಒಣಗಿದ ಮೇಲೆ ಉಳಿದರ್ಧ ಒಗೆಯುತ್ತಿದ್ದವಳು. ಅವಳು ನೀಲಿ ಬಟ್ಟೆ ಉಟ್ಟುಕೊಂಡು ನಮ್ಮ ಪಡಸಾಲೆಗೆ ಬಂದು, ಕೂಡಲು ಮನಸ್ಸಾಗದೆ ಕಂಬ ಹಿಡಿದು ನಿಂತೇ ಇದ್ದಳು. "ಕೂಡವಾ, ಮುದ್ದಿ ಆಗಲೆಂತನ ಅದನ್ನ ಕೊಟ್ಟದ್ದು" ಎಂದು ಆಯಿ ಬೈದು ಕೂಡಿಸಿದಳು. ಉದ್ದವ್ವ ತನ್ನ ಆ ಒಂದು ಹಳೆಯ ಸೀರೆಯನ್ನು ಅಂದೇ ಸಂತೋಷದಿಂದ ಹರಿದು ಕೌದಿಗೆ ಹಾಕಿದಳು. ಹೀಗೆ ಹಳೆಯ ಸೀರೆಗಳಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದ ಹಾಗೆ, ಆಯಿಯದೂ ಸೇರಿ ಒಂಬತ್ತು ಕೌದಿಗಳು ಮುಗಿದವು. ಹೊಸ ಬಟ್ಟೆ ಹಳತಾಗಲು ಇನ್ನು ಒಂದು ತಿಂಗಳು ಸಾಕಾಗಿತ್ತು.

ನನ್ನ ಪಾಲಿನ ಬಟ್ಟೆ ಮಾತ್ರ ಮಡಿಕೆ ಮುರಿಯದೆ ಪೆಟ್ಟಿಗೆಯಲ್ಲಿ ಉಳಿಯಿತು. ಅದು ಕೆಂಪು. ಅತ್ತೆಯ ಪಾಲಿಗೆ ನೀಲಿ ಬಂದಿತ್ತು, ವಯಸ್ಸಾದವರೆಂದು ಯಾರೂ ಆಡಿಕೊಳ್ಳಲಿಲ್ಲ. ನಾನು ವಿಧವೆ, ಬಿಳಿಯ ಸೀರೆಯವಳು, ಕೆಂಪು ಉಡುವ ಹಾಗಿಲ್ಲ. "ನಿಮ್ಮದು ನನ್ನ ಕಡೆ ಕೊಡ್ರಿ, ಯಾರರೆ ಉಟ್ಟ ಹಳೇದ ಮಾಡಿ ಕೊಡತಾರ" ಎಂದು ಆಯಿ ಎರಡು ಸಲ ಕೇಳಿದ್ದಳು. ನಾನೇ ಇವತ್ತು ನಾಳೆ ಎಂದು ಕೊಡದೆ ಉಳಿದೆ. ಪೆಟ್ಟಿಗೆ ತೆರೆದಾಗ ಆ ಬಣ್ಣ ನೋಡುವುದು ನನಗೆ ಹಿತವೆನಿಸುತ್ತಿತ್ತು. ನಾಚಿಕೆ ಬಿಟ್ಟು ಇದನ್ನೂ ಬರೆದೆ. ತಾವು ಮೆಚ್ಚಿದ ನನ್ನ ಪ್ರಾಮಾಣಿಕತೆ ಇಷ್ಟೇ. ನನ್ನ ಗಂಡ ಬದುಕಿದ್ದರೆ ನಾನೂ ಆ ಕೆಂಪು ಉಟ್ಟು ಅಪಹಾರದ ಪಟ್ಟಿಯಲ್ಲಿ ಸೇರುತ್ತಿದ್ದೆ.

ಜ್ಯೇಷ್ಠ ಮಾಸದಲ್ಲಿ, ಮಳೆ ಇನ್ನೇನು ಹಿಡಿಯಬೇಕೆನ್ನುವಾಗ, ತಮ್ಮ ತಪಾಸಣೆಯ ಸಾಹೇಬರು ಬಂದರು. ಜೊತೆಗೆ ಬಂದ ಪಟ್ಟೆವಾಲ ಜವಾನನಿಗೆ ಹೇಳಿ ಗಂಟು ತರಿಸಿದರು. ನಾನು ಪೆಟ್ಟಿಗೆಯಿಂದ ತೆಗೆದಿಟ್ಟ ನನ್ನ ಪಾಲಿನ ಒಂದು ಮಡಿಕೆ ಬಿಟ್ಟು ಗಂಟಿನಲ್ಲಿ ಏನೂ ಇಲ್ಲ. ತಲೆ ಎತ್ತಿ ನೋಡಿದರೆ ಎದುರಿಗೆ ಕೂತ ಹದಿಮೂರು ಜನರ ಮೈಮೇಲೆ ಖಾತೆಯ ಬಟ್ಟೆ! ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನನ್ನು ನಡುವೆ ನಿಲ್ಲಿಸಿಕೊಂಡು ಮರಾಠಿಯಲ್ಲಿ ಕೇಳಿದರು, ಬಟ್ಟೆಯನ್ನು ಇವರಿಗೆ ಉಡಲು ಕೊಟ್ಟವರು ಯಾರು ಎಂದು. ನಾನು ಆಯಿಗೆ ಕನ್ನಡದಲ್ಲಿ ಹೇಳಿದೆ. ಆಕೆಗೆ ಬಲು ಹಿಗ್ಗು. ದೊಡ್ಡ ಸಾಹೇಬರು ತನ್ನ ಕಸಬಿನ ಗುಟ್ಟು ಕೇಳುತ್ತಿದ್ದಾರೆಂದು ಭಾವಿಸಿದಳು. "ನಾನ ಕೊಟ್ಟೇನ್ರಿ! ಎಲ್ಲಾರಿಗೂ ದಿನಾ ಉಡ್ರಿ ಅಂತ ನಾನ ಹೇಳೇನ್ರಿ. ಉಡದಿದ್ದವರಿಗೆ ಬೈದೇನ್ರಿ. ಯಾಕಂದರ ಹೊಸಾ ಅರಿವಿ..." ಎಂದು ಶುರು ಮಾಡಿದಳು. ನಾನು ಅರ್ಧ ಹೇಳುವಷ್ಟರಲ್ಲಿ ಸಾಹೇಬರು ಕೈ ಎತ್ತಿದರು. ಕಾರಣ ಬೇಡ, ಉಡಿಸಿದ್ದು ಹೌದೋ ಅಲ್ಲವೋ, ಅಷ್ಟನ್ನೇ ಹೇಳು ಎಂದರು.

ನಾನು "ಹೌದು" ಎಂದೆ.

ಅದರ ಮುಂದಿನ ಮಾತೂ ನನ್ನ ಬಾಯಲ್ಲಿ ಇತ್ತು. ಮರಾಠಿಯೂ ಬರುತ್ತಿತ್ತು. ಆದರೆ ಪರಗಂಡಸರ ಮುಂದೆ, ಅದರಲ್ಲೂ ಅಧಿಕಾರಿಗಳ ಮುಂದೆ, ಎದುರು ಮಾತಾಡಿ ರೂಢಿಯಿಲ್ಲದ ಹೆಂಗಸು ನಾನು. ಸಾಹೇಬರು ಪಂಚನಾಮೆ ಬರೆದರು. ಶಿಕ್ಷಕಿ ತಾನೇ ತಪ್ಪು ಒಪ್ಪಿಕೊಂಡಿದ್ದಾಳೆ ಎಂದು ಬರೆದು, ಸಾಕ್ಷಿಯೆಂದು ನನ್ನ ಸಹಿ ಕೇಳಿದರು. ಏನು ಬರೆದಿದೆಯೆಂದು ಓದಿದೆ. ಓದಿಯೂ ಸಹಿ ಮಾಡಿದೆ. ನಾಲ್ಕು ಇಯತ್ತೆ ಕಲಿತ ನನ್ನ ಅಕ್ಷರವನ್ನು ಸರಕಾರ ಮೊದಲ ಸಲ ಕೇಳಿದ್ದು ಇದಕ್ಕೆ. ಮನೆಗೆ ಬಂದ ಅಧಿಕಾರಿಯನ್ನು ಸಿಟ್ಟಿಗೆಬ್ಬಿಸಿದರೆ ವರ್ಗವೇ ಮುಚ್ಚಿಹೋದೀತು ಎಂದು ಹೆದರಿದೆ. ನೋಡಿ, ಸಹಿ ಮಾಡಿಯೂ ಮುಚ್ಚಿತು.

ಆಮೇಲೆ ಆಯಿಯ ಹೆಬ್ಬೆಟ್ಟು ಕೇಳಿದರು. ಶಾಯಿಯ ಡಬ್ಬಿ ಮುಂದೆ ಬಂದಾಗ ಆಕೆಗೆ ಏನೋ ನೆನಪಾದಂತೆ ಮುಖ ಅರಳಿತು. "ಸಾಹೇಬ್ರ, ಹೆಬ್ಬಟ್ಟ ಯಾಕ್ರಿ? ನನ್ನ ಹೆಸರ ನನಗ ಬರಿಯಾಕ ಬರತೈತ್ರಿ. ಒಂದ ಸೂಜಿ ದಾರ ಕೊಡ್ರಿ" ಎಂದಳು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಸಾಹೇಬರು ನಕ್ಕರು, ಪಟ್ಟೆವಾಲನೂ ನಕ್ಕ. ಕೈ ಹಿಡಿದು ಒತ್ತಿಸಿದರು. ನಲವತ್ತು ವರ್ಷ ಸೂಜಿ ಚುಚ್ಚಿಸಿಕೊಂಡು ಒರಟಾದ ಬೆರಳು, ಗುರುತು ಸರಿಯಾಗಿ ಮೂಡಲಿಲ್ಲ. ಮೂರು ಸಲ ಒತ್ತಿಸಿದರು. ತಮ್ಮ ದಫ್ತರದಲ್ಲಿ ಆ ಕಾಗದ ಇದೆ. ತೆಗೆಸಿ ನೋಡಿ, ಮೂರು ಮಸಿಯ ಕಲೆಗಳಿವೆ. ಅಕ್ಷರ ಕಲಿಸಲೆಂದೇ ಹುಟ್ಟಿದ ಖಾತೆಯವರು, ಅಕ್ಷರ ಕಲಿತೆನೆಂದು ಹೇಳಿದ ಮುದುಕಿಯ ಹೆಬ್ಬೆರಳು ಹಿಡಿದು ಒತ್ತಿಸಿದ್ದು ಇದೊಂದೇ ಊರಿನಲ್ಲೋ, ಇನ್ನೂ ಎಲ್ಲೆಲ್ಲಿಯೋ, ತಾವೇ ಬಲ್ಲಿರಿ.

ಸಂಜೆಯೊಳಗೆ ಬಟ್ಟೆ ಬಿಚ್ಚಿ ತಂದು ಒಪ್ಪಿಸಬೇಕೆಂದು ಅಪ್ಪಣೆಯಾಯಿತು. ಮುಗಿದಿದ್ದ ಒಂಬತ್ತು ಕೌದಿಗಳನ್ನೂ ಸರಕಾರಿ ದಾರದಿಂದ ಹೊಲಿದವೆಂದು ಗಾಡಿಯಲ್ಲಿ ಹಾಕಿದರು. ಉಳಿದವರು ಮನೆಗೆ ಹೋಗಿ ಹರಕೋ ಮುರುಕೋ ಉಟ್ಟು ಬಂದು ಬಟ್ಟೆ ಒಪ್ಪಿಸಿದರು. ಉದ್ದವ್ವ ಏನು ಉಡಬೇಕು? ಅವಳ ಸೀರೆ ಕೌದಿಯಾಗಿ ತಮ್ಮ ಗಾಡಿಯಲ್ಲಿತ್ತು. ನಮ್ಮ ದನದ ಕೊಟ್ಟಿಗೆಯಲ್ಲಿ ಕಂಬಳಿ ಸುತ್ತಿಕೊಂಡು ಕೂತಳು. ಗಾಡಿ ಹೋದ ಮೇಲೆ ನನ್ನ ಅತ್ತೆ, ವರ್ಗ ಶುರುವಾದಾಗ ಅವಳನ್ನು ಪಡಸಾಲೆಯ ತುದಿಗೇ ಕೂಡಿಸಬೇಕೆಂದು ನನ್ನೊಡನೆ ಜಗಳವಾಡಿದ್ದ ನನ್ನ ಅತ್ತೆ, ತಾವೇ ಒಂದು ಸೀರೆ ಒಯ್ದು ಕೊಟ್ಟು, ಅವಳ ತಲೆಯ ಮೇಲೆ ಕೈಯಿಟ್ಟು ಅತ್ತರು. ಮರುದಿನವೇ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲದ ಚಳಿ ತಮಗೆ ಗೊತ್ತಿರಲಿಕ್ಕಿಲ್ಲ. ಆ ಮನೆಗಳ ಕೂಸುಗಳು ಆ ಮಳೆಗಾಲವನ್ನು ಗೋಣಿಚೀಲದಲ್ಲಿ ಕಳೆದವು.

ಪೋಲೀಸರು ಬರಲಿಲ್ಲ, ಖಟ್ಲೆಯಾಗಲಿಲ್ಲ. ವಿಶ್ವಾಸಕ್ಕೆ ಪಾತ್ರಳಲ್ಲ, ಮುಂದೆ ಯಾವ ಕೆಲಸಕ್ಕೂ ತೆಗೆದುಕೊಳ್ಳಬಾರದು ಎಂದು ದಫ್ತರದಲ್ಲಿ ಬರೆದು ಬಿಟ್ಟಿರಂತೆ. ತಮಗೆ ಅದು ದೊಡ್ಡ ದಯೆಯೆನಿಸಿರಬೇಕು. ಊರಿನಲ್ಲಿ ಒಬ್ಬರೂ ಅದನ್ನು ನಂಬಲಿಲ್ಲ. ನಂಬಿದವಳು ಆಯಿ ಒಬ್ಬಳೇ. ಸಾಹೇಬರು ಅಷ್ಟು ಓದಿದವರು, ಕಾಗದದ ಮೇಲೆ ಬರೆದಿದ್ದಾರೆ, ಅದು ಸುಳ್ಳು ಹೇಗಾದೀತು ಎಂಬುದು ಅವಳ ಲೆಕ್ಕ. ಅಕ್ಷರದ ಮೇಲೆ ಅಷ್ಟು ಗೌರವವನ್ನು ಕಲಿಸಿದವಳು ನಾನೇ. ಸೂಜಿ ಹಿಡಿಯುವುದನ್ನು ಬಿಟ್ಟಳು. ಬಂದೇನವಾಜ ಅರಳೆ ಹಿಂಜುತ್ತಿದ್ದರೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳಂತೆ. "ಊಟ ಮಾಡವಲ್ಲಳ್ರಿ ಅಕ್ಕಾರ, ನೀವರೆ ಬಂದ ಹೇಳ್ರಿ" ಎಂದು ಅವನು ಕರೆಯಲು ಬಂದ. ಹೋದೆ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: "ಅಕ್ಕಾರ, ನೀವು ಕಲತವರು. ಖರೆ ಹೇಳ್ರಿ. ನಾ ಕಳವು ಮಾಡೇನೇನ್ರಿ?"

"ಇಲ್ಲ ಆಯಿ, ಇಲ್ಲ" ಎಂದೆ.

"ಮತ್ತ ನೀವ್ಯಾಕ ಸಹಿ ಮಾಡಿದ್ರಿ?"

ಇದನ್ನು ಆಕೆ ಸಿಟ್ಟಿನಿಂದ ಕೇಳಲಿಲ್ಲ. ತಿಳಿಯದ್ದನ್ನು ತಿಳಿದವರಲ್ಲಿ ಕೇಳುವ ಹಾಗೆ ಕೇಳಿದಳು. ಅಂದು ಮನೆಗೆ ಬಂದು ತಮಗೆ ಮೊದಲನೆಯ ಅರ್ಜಿ ಬರೆದೆ. ಎರಡನೆಯದನ್ನು ಶ್ರಾವಣದಲ್ಲಿ, ಮೂರನೆಯದನ್ನು ದಸರೆಗೆ ಬರೆದೆ. ಪ್ರತಿ ಸಲವೂ ಆಯಿಗೆ ಓದಿ ತೋರಿಸಿ, ಸಾಹೇಬರು ಓದಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದು ಹೇಳಿ ಟಪಾಲಿಗೆ ಹಾಕಿದೆ. ನಾಲ್ಕನೆಯದನ್ನು ಓದುವಾಗ ಆಕೆ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಕೊನೆಗೆ, "ಕಾಗದ ಇರಲ್ರಿ, ನನ್ನ ಹೆಸರ ಹೊಲದ ಕೌದಿ ಒಂದ ಕೊಡತಾರೇನ ಕೇಳ್ರಿ. ಇನ್ನೊಂದ ಹೊಲಿಯಾಕ ಕೈ ಬರೂದಿಲ್ರಿ" ಎಂದಳು. ಕಾರ್ತಿಕ ಮಾಸದ ಒಂದು ಮುಂಜಾನೆ ಹೋಗಿಬಿಟ್ಟಳು. ಯಾವ ಜಡ್ಡು ಎಂದು ಯಾರೂ ಹೇಳಲಿಲ್ಲ. ಊರಿಗೆಲ್ಲ ಕೌದಿ ಹೊಲಿದವಳ ಮೈಮೇಲೆ ಕಡೆಯ ಗಳಿಗೆಯಲ್ಲಿ ನೆರೆಮನೆಯಿಂದ ಎರವಲು ತಂದ ಚಾದರವಿತ್ತು.

ಈಗ ತಾವು ಅವಳ ಜಾಗದಲ್ಲಿ ನನ್ನನ್ನು ಕೂಡಿಸುತ್ತೀರಿ. ಬೇಡವೆಂದು ಕಾಗದ ಹರಿದು ಬಿಡೋಣವೆಂದು ಕೈಯಲ್ಲಿ ಹಿಡಿದೆ. ಹರಿಯಲಾರದೆ ಹೋದೆ. ನೇಮಕದ ಸುದ್ದಿ ಹೇಗೋ ತಿಳಿದು ಹೆಂಗಸರು ನಮ್ಮ ಪಡಸಾಲೆಗೆ ಬಂದರು. ಅರ್ಧ ಕಲಿತ ಕೈಗಳು ಅವು. ಮಳೆಗಾಲ ಮತ್ತೆ ಎರಡು ತಿಂಗಳ ದೂರದಲ್ಲಿದೆ. "ಸಾಲಿ ಬೇಕ್ರಿ ಅಕ್ಕಾರ" ಎಂದಳು ಉದ್ದವ್ವ. "ಆದರ ಆಯೀನ ಕಳ್ಳಿ ಅಂದವರ ಸಾಲ್ಯಾಗ ಹ್ಯಾಂಗ ಕೂಡೂದ್ರಿ?" ಇಷ್ಟನ್ನೇ ನಾನೂ ತಮ್ಮನ್ನು ಕೇಳುತ್ತೇನೆ. ಇವರು ಹೇಗೆ ಕೂಡಬೇಕು? ಅವಳು ಕೂತಿದ್ದ ಚಾಪೆಯ ಮೇಲೆ ಕೂತು, ಹೊಸ ಬಟ್ಟೆಯಲ್ಲಿ ಕೌದಿ ಹೊಲಿಯಬಾರದೆಂಬ ಅವಳ ಪಾಠವನ್ನೇ ನಾನು ಹೇಳಿಕೊಡಬೇಕಲ್ಲ, ಯಾವ ಬಾಯಿಂದ ಹೇಳಲಿ? ಮತ್ತೆ ಬಟ್ಟೆ ಬಂದರೆ ಉಡಿಸಲೋ ಬೇಡವೋ, ಅದಕ್ಕಾದರೂ ತಮ್ಮ ಲಿಖಿತ ಅಪ್ಪಣೆ ಇದೆಯೇ?

ಆದ್ದರಿಂದ ನನ್ನ ಒಪ್ಪಿಗೆ ಹೀಗಿದೆ. ಖೈರುನಬಿಯ ಹೆಸರಿನ ಮುಂದೆ ಬರೆದದ್ದನ್ನು ಹೊಡೆದು ಹಾಕಿ, ಆಕೆ ತಪ್ಪು ಮಾಡಲಿಲ್ಲವೆಂದು ಅದೇ ದಫ್ತರದಲ್ಲಿ ಬರೆಯಬೇಕು. ಬರೆದದ್ದನ್ನು ದಡ್ಡಿಯ ಚಾವಡಿಯಲ್ಲಿ ಓದಿಸಬೇಕು, ಬಂದೇನವಾಜ ಎದುರಿಗೆ ಕೂತು ಕೇಳಬೇಕು. ನನ್ನ ಪ್ರಾಮಾಣಿಕತೆಯ ಮಾತನ್ನೂ ಹೊಡೆದು ಹಾಕಬೇಕು. ಹೆದರಿ ಸಹಿ ಮಾಡಿದಳು ಎಂದು ಬರೆದರೆ ನನ್ನ ಅಭ್ಯಂತರವಿಲ್ಲ. ಒಂಬತ್ತು ಕೌದಿಗಳು ತಮ್ಮ ಉಗ್ರಾಣದಲ್ಲಿ ಇಲಿ ಕಡಿಯದೆ ಉಳಿದಿದ್ದರೆ ಅವನ್ನು ಅವರವರಿಗೆ ಕೊಡಬೇಕು. ಯಾರದು ಯಾವುದೆಂದು ಕೇಳಬೇಕಾಗಿಲ್ಲ, ಮೂಲೆಯಲ್ಲಿ ಹೆಸರಿದೆ. ಆಯಿಯ ಹೆಸರಿನದನ್ನು ಮಾತ್ರ ನಾನೇ ಬಂದು ಒಯ್ಯುತ್ತೇನೆ. ಆಕೆಯ ಗೋರಿಯ ಮೇಲೆ ಒಂದು ದಿನವಾದರೂ ಅದನ್ನು ಹೊದಿಸಬೇಕೆಂದು ಬಂದೇನವಾಜ ಕೇಳಿದ್ದಾನೆ. ಇಷ್ಟು ಮಾಡಿದರೆ ಮಾರನೆಯ ದಿನವೇ ವರ್ಗ ತೆರೆಯುತ್ತೇನೆ. ಮಾಡದಿದ್ದರೆ ತಮ್ಮ ಪಾಟಿಗಳು ಇನ್ನೂ ನಮ್ಮ ಅಟ್ಟದ ಮೇಲಿವೆ, ಪಟ್ಟೆವಾಲನನ್ನು ಕಳುಹಿಸಿ ಒಯ್ಯಿರಿ.

ಪತ್ರಿಕೆಯವರು ಈ ಪತ್ರದ ಮಾತನ್ನು ಅಚ್ಚು ಹಾಕಬಹುದು, ಅದರ ಕೆಳಗಿನ ಸಹಿಗಳನ್ನು ಹಾಕಲಾರರು. ಮೂಲವನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳುಹಿಸಿದ್ದೇನೆ. ಕಾಗದದ ಕೆಳಗೆ ಒಂದು ಮೊಳ ಹಳೆಯ ಸೀರೆಯನ್ನು ಹೊಲಿದು ಸೇರಿಸಿದೆ. ಅದರ ಮೇಲೆ ಹದಿಮೂರು ಹೆಂಗಸರು ತಮ್ಮ ತಮ್ಮ ಹೆಸರನ್ನು ತಾವೇ ಹೊಲಿದಿದ್ದಾರೆ. ಕಣ್ಣು ಕಾಣದ ನನ್ನ ಅತ್ತೆಯ ಅಕ್ಷರ ಸ್ವಲ್ಪ ಸೊಟ್ಟಗಿದೆ, ಕ್ಷಮಿಸಬೇಕು. ನಾನೂ ಶಾಯಿಯ ಸಹಿಯನ್ನು ಬಿಟ್ಟು ಅವರ ಕೆಳಗೆ ದಾರದಲ್ಲೇ ಹಾಕಿದ್ದೇನೆ. ಹದಿನೈದನೆಯ ಹೆಸರಿಗೆ ಮೇಲೆ ಜಾಗ ಬಿಟ್ಟಿದ್ದೇವೆ, ಅದನ್ನು ನಾವು ಯಾರೂ ಹೊಲಿಯಲಿಲ್ಲ. ಅದು ಆಯಿಯೇ ಹೊಲಿದದ್ದು ತಮ್ಮ ಉಗ್ರಾಣದಲ್ಲಿದೆ.

ಇಂತಿ, ತಮ್ಮ ದಫ್ತರದಲ್ಲಿ ಇನ್ನೂ ಪ್ರಾಮಾಣಿಕಳೆಂದೇ ಉಳಿದಿರುವ,
ರಾಜಮತಿ
ದಡ್ಡಿ, ತಾಲೂಕು ಹುಕ್ಕೇರಿ
ಚೈತ್ರ ಮಾಸ, ಇಸವಿ ೧೯೪೦